ಐಕ್ಯ ಆರಾಧನೆಯ ಕೊನೆಯ ತಟ್ಟೆ

ಮಾಲೂರಿನ ನಮ್ಮ ಚರ್ಚಿನಲ್ಲಿ ಅಯ್ಯನವರೂ ನಾನೇ, ಅಮ್ಮನವರೂ ನಾನೇ. ಬೇರೆ ಕಡೆ ಸಭಾಪಾಲಕರು ಗಂಡಸರಾಗಿರುತ್ತಾರೆ, ಪ್ರಸಂಗ ಮಾಡುತ್ತಾರೆ. ಕರ್ತನ ಮೇಜಿಗೆ ಬೇಕಾದ ರೊಟ್ಟಿ, ವೈನು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಇವನ್ನೆಲ್ಲ ಅವರ ಹೆಂಡತಿ ಸದ್ದಿಲ್ಲದೆ ಸಿದ್ಧ ಮಾಡಿಡುತ್ತಾರೆ. ನನ್ನ ಗಂಡ ಟೇಕಲ್ ಕಡೆ ಒಂದು ಸ್ಕೂಲಿನಲ್ಲಿ ಮೇಷ್ಟ್ರು. ಒಳ್ಳೆಯವರು, ಆದರೆ ಅಡುಗೆಮನೆಯಲ್ಲಿ ಅವರನ್ನು ನಂಬಿ ಹಾಲು ಕಾಯಿಸಲು ಬಿಡುವಂತಿಲ್ಲ. ಹಾಗಾಗಿ ಪ್ರಸಂಗವೂ ನನ್ನದೇ, ಜಾಡಿಯೂ ನನ್ನದೇ.

ಜಾಡಿ ಎಂದರೆ ವೈನಿನ ಜಾಡಿ. ಕಪ್ಪು ದ್ರಾಕ್ಷಿ ತೊಳೆದು, ನೆರಳಲ್ಲಿ ಆರಿಸಿ, ಹನಿ ನೀರೂ ಉಳಿಯದಂತೆ ಒರೆಸಿ ಕೈಯಲ್ಲಿ ಹಿಸುಕಬೇಕು. ಸಕ್ಕರೆ, ಒಂದು ಹಿಡಿ ಗೋಧಿ, ಚೂರು ಚಕ್ಕೆ, ಲವಂಗ ಹಾಕಿ ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವಬೇಕು. ನೊರೆ ಏಳುವುದು ನಿಂತ ಮೇಲೆ ಸೋಸಿ ಬಾಟಲಿಗೆ ಇಳಿಸಿ ಕತ್ತಲಲ್ಲಿಟ್ಟರೆ ತಿಂಗಳುಗಳು ಕಳೆದ ಮೇಲೆ ಹದಕ್ಕೆ ಬರುತ್ತದೆ. ಹಿಂದೆ ಇಲ್ಲಿದ್ದ ಒಬ್ಬರು ಅಮ್ಮನವರು ಕಲಿಸಿಕೊಟ್ಟ ಕೆಲಸ. ಅದರ ಬಗ್ಗೆ ನನಗೆ ಜಂಬ ಇತ್ತು, ಮುಚ್ಚಿಡುವುದೇಕೆ? ಬೇರೆ ಊರಿನ ಅಯ್ಯನವರುಗಳೂ ನನ್ನ ಹತ್ತಿರ ಬಾಟಲಿ ಕೇಳಿ ಒಯ್ಯುತ್ತಿದ್ದರು.

ಐಕ್ಯ ಆರಾಧನೆಯ ಮಾತು ಎದ್ದದ್ದು ಕೋಲಾರದಲ್ಲಿ. ಅಲ್ಲಿಯ ಅಯ್ಯನವರು ನನಗಿಂತ ಬಹಳ ಹಿರಿಯರು, ನಿವೃತ್ತಿ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ನಾಲ್ಕು ತಾಲೂಕಿನ ನಾಲ್ಕು ಸಭೆಗಳನ್ನು ಒಂದೇ ಮೇಜಿನ ಮುಂದೆ ಕೂರಿಸಿ ರೊಟ್ಟಿ ಮುರಿಯಬೇಕೆಂಬುದು ಅವರ ಆಸೆ. ಈಸ್ಟರ್ ಆಗಿ ಐವತ್ತನೇ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬದ ಭಾನುವಾರ ಮಧ್ಯಾಹ್ನ, ಅವರ ಚರ್ಚಿನಲ್ಲೇ. ಕೋಲಾರದವರೂ ನಾವೂ ಒಂದೇ ಪದ್ಧತಿಯವರು: ಕೂಸುಗಳ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವವರು, ಪುಸ್ತಕ ನೋಡಿ ಪ್ರಾರ್ಥಿಸುವವರು. ಮುಳಬಾಗಿಲಿನ ಸಭೆಯಲ್ಲಿ ಪಾಸ್ಟರೇ ಇಲ್ಲ. ಹಿರಿಯರಾದ ಒಬ್ಬ ಬ್ರದರು ನಡೆಸುತ್ತಾರೆ, ಹೆಂಗಸರು ತಲೆಗೆ ಸೆರಗು ಹೊದ್ದು ಮೌನವಾಗಿರಬೇಕು. ಶ್ರೀನಿವಾಸಪುರದವರದು ಶೀಟು ಹೊದಿಸಿದ ಪ್ರಾರ್ಥನಾ ಮಂದಿರ. ಡ್ರಮ್ಮು, ಚಪ್ಪಾಳೆ, ತೆಲುಗು ಹಾಡು, ಮೈಮೇಲೆ ಒಡವೆ ಇಲ್ಲ, ದೊಡ್ಡವರಾದ ಮೇಲೆ ಕೆರೆಯಲ್ಲೋ ತೊಟ್ಟಿಯಲ್ಲೋ ಮುಳುಗಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಕರ್ತನ ಪಾತ್ರೆ.

ಸಭೆ ಮೇಲೆ ಸಭೆ ಸೇರಿದೆವು. ಮೊದಲನೆಯದರಲ್ಲೇ ಮುಳಬಾಗಿಲಿನ ಬ್ರದರು ಗಂಟಲು ಸರಿಮಾಡಿಕೊಂಡರು. "ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ನೀವು ಮೇಜಿನ ಹತ್ರ ನಿಂತ್ರೆ ನಮ್ಮವರು ಎದ್ದು ಹೋಗ್ತಾರೆ. ನಾನು ಹಿಡಿದು ಕೂರಿಸೋಕಾಗಲ್ಲ."

"ನಾನು ನಿಲ್ಲಲ್ಲ ಬಿಡಿ," ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದರೆ ಕೋಲಾರದ ಅಯ್ಯನವರ ಕಣ್ಣಲ್ಲಿ ನೀರು ಬಂತು. ನಿಲುವಂಗಿ ಬೇಡ ಎಂದರು, ಸರಿ ಎಂದೆ. ಪುಸ್ತಕ ಬೇಡ ಎಂದರು, ಅದಕ್ಕೂ ಸರಿ. ಬ್ರದರೂ ಬಿಟ್ಟುಕೊಡದೆ ಇರಲಿಲ್ಲ. ಅವರಲ್ಲೂ ಮುಳುಗಿಯೇ ದೀಕ್ಷಾಸ್ನಾನ; ಮುಳುಗದ ನಮ್ಮ ಜೊತೆ ಕೂತು ರೊಟ್ಟಿ ತಿನ್ನಲು ಒಪ್ಪಿದ್ದು ಅವರ ಮಟ್ಟಿಗೆ ದೊಡ್ಡ ಮಾತು. "ಊರಲ್ಲಿ ನನ್ನ ಕತೆ ಮುಗೀತು," ಎಂದು ನಕ್ಕರು. ಆ ದಿನ ಯಾರು ತೆಗೆದುಕೊಳ್ಳಬೇಕು ಎಂಬುದು ಅವರವರ ಮನಸ್ಸಾಕ್ಷಿಗೆ ಎಂದು ತೀರ್ಮಾನವಾಯಿತು.

ಶ್ರೀನಿವಾಸಪುರದ ಪಾಸ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ಅವರು ಕೇಳಿದ್ದು ಒಂದೇ. "ವೈನ್ ಬೇಡ. ಕಾಸಿದ ಜ್ಯೂಸ್ ಸಾಕು. ನಮ್ಮಲ್ಲಿ ಅರ್ಧ ಜನ ಕುಡಿತದಿಂದ ಎದ್ದು ಬಂದವರು. ಅವರಿಗೆ ವಾಸನೆಯೂ ಸೋಕಬಾರದು."

ಎಲ್ಲರೂ ನನ್ನ ಕಡೆ ನೋಡಿದರು, ಸಿದ್ಧತೆ ನನ್ನದೇ ಆದ್ದರಿಂದ. "ಆಗಲಿ, ಜ್ಯೂಸೇ ಮಾಡ್ತೀನಿ," ಎಂದೆ. ಹೇಳಿದ್ದೇನೋ ಹೇಳಿದೆ, ಒಳಗೆ ಚುರ್ ಎಂದಿತು. ಇಷ್ಟು ವರ್ಷ ನಾವು ಕುಡಿಸಿದ್ದು ಸಾರಾಯಿಯೇ? ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬಿಟ್ಟುಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಬಿಟ್ಟುಕೊಟ್ಟವಳಿಗೆ ಅದನ್ನು ನೆನೆಸಿಕೊಳ್ಳುವ ಹಕ್ಕಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಜ್ಯೂಸಿನ ಕೆಲಸವನ್ನು ಮಾತ್ರ ಚೊಕ್ಕವಾಗಿ ಮಾಡಿದೆ. ಬೀಜವಿಲ್ಲದ ಕಪ್ಪು ಒಣದ್ರಾಕ್ಷಿಯನ್ನು ಬಿಸಿನೀರಲ್ಲಿ ನೆನೆಹಾಕಿ, ರುಬ್ಬಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಕುದಿಸಿ ಆರಿಸಿದೆ. ಬೇಸಿಗೆಯ ಸೆಕೆಗೆ ಹುಳಿ ಬರಬಾರದೆಂದು ಹಬ್ಬದ ಹಿಂದಿನ ಸಂಜೆಯೇ ಮಾಡಿ ಕ್ಯಾನುಗಳನ್ನು ತಣ್ಣೀರ ಟಬ್ಬಿನಲ್ಲಿ ನಿಲ್ಲಿಸಿದೆ. ಎಣ್ಣೆ ಹಾಕದ ರೊಟ್ಟಿಯನ್ನೂ ನಾನೇ ಬೇಯಿಸಿದೆ.

ಭಾನುವಾರ ಬೆಳಿಗ್ಗೆ ಮಾಲೂರಿನಲ್ಲಿ ನಮ್ಮದೇ ಪ್ರಭುಭೋಜನ ಮುಗಿಸಿ, ರೊಟ್ಟಿ ವೈನು ಒಯ್ದಿದ್ದ ಅದೇ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಭೆಯವರ ವ್ಯಾನು ಹತ್ತಿದೆ. ಚೀಲದಲ್ಲಿ ಉಳಿದ ವೈನಿನ ಬಾಟಲಿ ಹಾಗೇ ಇತ್ತು. ತೆಗೆದಿಡಲು ಮರೆತಿದ್ದೆ. ಮರೆತದ್ದು ನಿಜ, ಅದರಲ್ಲಿ ನನ್ನ ತಪ್ಪು ಹೆಚ್ಚೇನಿಲ್ಲ.

ಕೋಲಾರದಲ್ಲಿ ವ್ಯಾನು ನಿಂತಾಗ ಕ್ಯಾನು ಇಳಿಸಲು ಒಬ್ಬರು ಓಡಿ ಬಂದರು. ಶ್ರೀನಿವಾಸಪುರದ ಸಭೆಯವರು, ಮಾವಿನ ಮಂಡಿಯಲ್ಲಿ ಲಾರಿಗೆ ಕ್ರೇಟು ತುಂಬುವ ಹಮಾಲಿ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಎರಡು ಕ್ಯಾನನ್ನೂ ಹೂವಿನಂತೆ ಎತ್ತಿಕೊಂಡು ಬಂದು ಪಕ್ಕದ ಕೋಣೆಯಲ್ಲಿಟ್ಟರು. ಹೋಗಲಿಲ್ಲ, ಅಲ್ಲೇ ನಿಂತರು.

"ಅಮ್ಮಾ, ಕೇಳ್ತೀನಿ ಅಂತ ತಪ್ಪು ತಿಳೀಬೇಡಿ. ಇದು ಜ್ಯೂಸೇ ತಾನೇ? ನಮ್ಮ ಚಿಕ್ಕ ಮಗು ಹುಟ್ಟಿದಾಗ ಬಿಟ್ಟೋನು ನಾನು. ಈಗ ಅವಳು ಸ್ಕೂಲಿಗೆ ಹೋಗ್ತಾಳೆ. ಅವತ್ತಿಂದ ಮುಟ್ಟಿಲ್ಲಮ್ಮ."

"ಜ್ಯೂಸೇ. ನಾನೇ ಕಾಸಿದ್ದು. ಧೈರ್ಯವಾಗಿ ತಗೊಳ್ಳಿ," ಎಂದೆ.

ಅವರು ಕೈಮುಗಿದು ಹೋದರು. ಆ ಹೊತ್ತಿಗೆ ನಾನು ಹೇಳಿದ್ದು ಸತ್ಯವೇ.

ಚರ್ಚು ತುಂಬಿತು. ನಮ್ಮವರು ಬೆಂಚಿನ ಮೇಲೆ, ಶ್ರೀನಿವಾಸಪುರದವರು ಅಭ್ಯಾಸದಂತೆ ಹಿಂದುಗಡೆ ಚಾಪೆಯ ಮೇಲೆ. ಡ್ರಮ್ಮನ್ನು ಮೆಲ್ಲಗೆ ಬಾರಿಸಿದರು, ನಮ್ಮ ಹಳೆಯ ಗಾನವೃಂದ ತುಸು ಜೋರಾಗಿ ಹಾಡಿತು. ಅಂತೂ ಇಬ್ಬರೂ ಹೊಂದಿಕೊಂಡರು. ನಿಲ್ಲಬಾರದ ನಾನು ಪಕ್ಕದ ಕೋಣೆಯಲ್ಲಿ ನಿಂತು ಬೆರಳ ಗಾತ್ರದ ಕಪ್ಪುಗಳಿಗೆ ಜಗ್ಗಿನಿಂದ ರಸ ಸುರಿದು ತಟ್ಟೆಗಳಲ್ಲಿ ಜೋಡಿಸುತ್ತಿದ್ದೆ. ಒಬ್ಬೊಬ್ಬರಾಗಿ ಹಿರಿಯರು ಬಂದು ತಟ್ಟೆ ಒಯ್ಯುತ್ತಿದ್ದರು. ಎಲ್ಲರ ಕೈಗೂ ಕಪ್ಪು ಸೇರಿದ ಮೇಲೆ ಒಟ್ಟಿಗೆ ಕುಡಿಯುವುದು ಎಂದು ಗೊತ್ತುಮಾಡಿದ್ದೆವು. ಐಕ್ಯ ಕಣ್ಣಿಗೆ ಕಾಣಲಿ ಎಂದು ಕೋಲಾರದ ಅಯ್ಯನವರ ಬಯಕೆ.

ಅಷ್ಟರಲ್ಲಿ ನರಸಾಪುರದ ಕಂಪನಿ ಬಸ್ಸೊಂದು ಗೇಟಿನ ಮುಂದೆ ನಿಂತಿತು. ಶಿಫ್ಟ್ ಮುಗಿಸಿದ ಹುಡುಗ ಹುಡುಗಿಯರು, ಕುತ್ತಿಗೆಯಲ್ಲಿ ಇನ್ನೂ ಕಂಪನಿಯ ಕಾರ್ಡು, ಯಾವ್ಯಾವುದೋ ಊರಿನ ವಿಶ್ವಾಸಿಗಳು, ಸುದ್ದಿ ಕೇಳಿ ಬಂದವರು. ಎಲ್ಲರಿಗೂ ಖುಷಿ. ನಾನು ಮಾತ್ರ ಕ್ಯಾನನ್ನು ವಾಲಿಸಿ ನೋಡಿದೆ. ತಳ ಕಾಣುತ್ತಿತ್ತು.

"ಅಮ್ಮಾ, ಇನ್ನೆರಡು ತಟ್ಟೆ ಬೇಕು, ಬೇಗ," ಎಂದು ಬಾಗಿಲಲ್ಲಿ ಒಬ್ಬ ಹಿರಿಯರು ನಿಂತರು. ಒಳಗೆ ಮಿಕ್ಕವರೆಲ್ಲ ಕಪ್ಪು ಹಿಡಿದು ಕಾಯುತ್ತಿದ್ದಾರೆ.

ನೀರು ಬೆರೆಸಬಹುದಿತ್ತು. ಹೊರಗೆ ಬಂದು, "ಸಾಲಲಿಲ್ಲ, ಇಬ್ಬರಿಗೊಂದು ಕಪ್ಪು ತಗೊಳ್ಳಿ," ಎನ್ನಬಹುದಿತ್ತು. ಅದಕ್ಕಿಂತ ದೊಡ್ಡ ಐಕ್ಯ ಬೇಕೇ? ಆದರೆ ನೀರು ಬೆರೆತರೆ ಬಣ್ಣ ತೆಳುವಾಗುತ್ತದೆ, ಮಾಲೂರಿನ ಅಮ್ಮ ನೀರು ಕುಡಿಸಿದಳು ಎನ್ನುತ್ತಾರೆ ಎಂದು ನಾಚಿಕೆ ಹಿಡಿಯಿತು. ಕೈ ಚೀಲಕ್ಕೆ ಹೋಯಿತು. ಬಾಟಲಿಯ ಮುಚ್ಚಳ ತಿರುಗಿಸುವಾಗ ಮನಸ್ಸಿನಲ್ಲಿದ್ದ ಮಾತೂ ನೆನಪಿದೆ: ನಿಲುವಂಗಿ ಬಿಟ್ಟೆ, ಮೇಜು ಬಿಟ್ಟೆ, ನನ್ನ ಮನೆಯದು ನಾಲ್ಕು ಹನಿ ಸೇರಿದರೆ ಇವರ ಸ್ವರ್ಗವೇನೂ ಮುಳುಗಿಹೋಗುವುದಿಲ್ಲ. ನಾಲ್ಕು ಹನಿ ಅಲ್ಲ. ಬಾಟಲಿ ಪೂರ್ತಿ ಸುರಿದೆ. ಬಣ್ಣ ಚೆನ್ನಾಗಿ ಬಂತು.

ಆ ಕೊನೆಯ ಎರಡು ತಟ್ಟೆಗಳು ಹಿಂದಿನ ಚಾಪೆಗಳಿಗೆ ಹೋದವು. ಕೊನೆಗೆ ಬಂದ ಬಸ್ಸಿನವರನ್ನು ಬೆಂಚಿನಲ್ಲಿ ಒತ್ತರಿಸಿ ಕೂರಿಸಿ ಚಾಪೆಯವರಿಗೆ ಹೋಗಬೇಕಿದ್ದ ತಟ್ಟೆಗಳನ್ನು ಮೊದಲು ಅವರಿಗೆ ಕೊಟ್ಟರಂತೆ, ಅತಿಥಿಗಳೆಂದು. ನಾನು ಬಾಗಿಲಿಗೆ ಬಂದು ನಿಂತು ನೋಡಿದಾಗ ಮಂಡಿಯ ಆ ಮನುಷ್ಯನ ಕೈಯಲ್ಲಿ ಕಪ್ಪು ಇತ್ತು. ಅವರು ಅದನ್ನು ಮೂಗಿನ ಹತ್ತಿರ ತಂದವರು ಹಾಗೇ ನಿಂತುಬಿಟ್ಟರು. ಆಮೇಲೆ ಕತ್ತೆತ್ತಿ ನನ್ನನ್ನು ಹುಡುಕಿದರು. ನಮ್ಮ ಕಣ್ಣು ಕೂಡಿತು.

ಅಯ್ಯೋ, ಆಗ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು! ಬೇಡ ಎಂದು ಒಂದು ಸನ್ನೆ. ನಾನು ಕಣ್ಣು ತಗ್ಗಿಸಿ, ಕೈಯಲ್ಲಿದ್ದ ಜಗ್ಗಿನ ಅಂಚನ್ನು ಸೆರಗಿನಿಂದ ಒರೆಸತೊಡಗಿದೆ. ಕೋಲಾರದ ಅಯ್ಯನವರು, "ಒಟ್ಟಿಗೆ ಕುಡಿಯೋಣ," ಎಂದರು. ಎಲ್ಲರೂ ಕುಡಿದರು. ಮಂಡಿಯವರೂ ಕುಡಿದರು.

ಹಬ್ಬವಾಗಿ ಕೆಲವು ವಾರ ಕಳೆದ ಮೇಲೆ ಆರಾಧನೆ ನಡೆಸಿದ ನಾವೆಲ್ಲ ಮತ್ತೆ ಕೋಲಾರದಲ್ಲಿ ಸೇರಿದೆವು. ಪ್ರತಿ ವರ್ಷ ಮಾಡಬೇಕು, ಮುಂದಿನ ಸಲ ಮುಳಬಾಗಿಲಿನಲ್ಲಿ ಎಂದು ಬ್ರದರೇ ಹೇಳಿದರು. ಅವರ ಸಭೆಯವರು ಎದ್ದು ಹೋಗಿರಲಿಲ್ಲ, ಬದಲಿಗೆ ಅತ್ತಿದ್ದರಂತೆ. ನನಗೂ ಎದೆ ತುಂಬಿತ್ತು. ಆಗ ಶ್ರೀನಿವಾಸಪುರದ ಪಾಸ್ಟರು ಟೀ ಲೋಟ ಕೆಳಗಿಟ್ಟು ಹೇಳಿದರು, "ಒಬ್ಬರಿಗಾಗಿ ಪ್ರಾರ್ಥನೆ ಮಾಡಿ. ನಮ್ಮ ಮಂಡಿಯ ಬ್ರದರು ಬಿದ್ದೋದ್ರು. ಅವತ್ತು ಇಲ್ಲಿಂದ ಊರಿಗೆ ಬಂದು ಇಳಿದೋರು ಮನೆಗೆ ಹೋಗಲಿಲ್ಲ, ನೆಟ್ಟಗೆ ಬ್ರಾಂದಿ ಅಂಗಡಿಗೆ ಹೋದ್ರು. ಅವತ್ತಿಂದ ದಿನಾ ಅದೇ."

"ಛೆ ಛೆ," ಎಂದರು ಎಲ್ಲರೂ.

"ಕುಡಿದಿದ್ದಕ್ಕಲ್ಲ ನನಗೆ ಸಂಕಟ. ಬೀಳ್ತಾರೆ, ಎತ್ತುತೀವಿ. ಕರ್ತನ ಪಾತ್ರೆಯಲ್ಲೇ ವೈನ್ ಇತ್ತು, ಅದರಿಂದ್ಲೇ ಶುರುವಾಯ್ತು ಅಂತ ಸಾಧಿಸ್ತಾರೆ. ಮೇಜಿನ ಮೇಲೇ ಸುಳ್ಳು ಹೊರಿಸ್ತಾರೆ."

"ಕುಡುಕರ ಬಾಯಲ್ಲಿ ಇನ್ನೇನು ಬರುತ್ತೆ ಬಿಡಿ," ಎಂದರು ಮುಳಬಾಗಿಲಿನ ಬ್ರದರು. ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬರಾದರೂ ಅನುಮಾನದಿಂದ ನೋಡಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ. ಎಲ್ಲರೂ ಕಣ್ಣುಮುಚ್ಚಿ ಅವರಿಗಾಗಿ ಪ್ರಾರ್ಥಿಸಿದರು. ನಾನೂ ಪ್ರಾರ್ಥಿಸಿದೆ, ಗಟ್ಟಿಯಾಗಿ. ಅಂಥ ಪ್ರಾರ್ಥನೆ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ, ಮುಂದೆಯೂ ಬರದಿರಲಿ.

ಅದಾದ ಮೇಲೆ ನನ್ನ ಕೆಲಸ ಕೆಟ್ಟಿತು. ಪ್ರಸಂಗ ಸಿದ್ಧಮಾಡಲು ಕೂತರೆ ಜಾಡಿ ಕಣ್ಣಿಗೆ ಬೀಳುತ್ತಿತ್ತು. ಒಂದು ಗುಕ್ಕು ವೈನಿನಿಂದ ಯಾರಾದರೂ ಹಾಳಾಗುತ್ತಾರೆಯೇ, ಅವರು ಹೇಗೂ ಕುಡಿಯುವವರೇ ಇದ್ದರೇನೋ ಎಂದು ನನ್ನ ಪರ ನಾನೇ ವಕಾಲತ್ತು ಮಾಡಿಕೊಂಡೆ. ಗಂಡನಿಗೆ ಹೇಳಿದೆ. ಅವರು, "ಅವರು ನಿನ್ನ ಕೇಳಿದ್ರು ಅಂದೆಯಲ್ಲ," ಎಂದರು. ಅಷ್ಟೇ.

ಮುಂದೆ ಒಂದು ದಿನ ಶ್ರೀನಿವಾಸಪುರದ ಪಾಸ್ಟರೇ ಫೋನು ಮಾಡಿದರು, ಬೇರೆ ಯಾವುದೋ ವಿಷಯಕ್ಕೆ. ಮಾತಿನ ನಡುವೆ, "ಮೊದಲನೇ ಭಾನುವಾರ ಆ ಬ್ರದರನ್ನ ಸಭೆಯಿಂದ ಹೊರಗೆ ಇಡ್ತಾ ಇದೀವಿ," ಎಂದರು. "ಕುಡಿತಕ್ಕಲ್ಲ. ಮೇಜಿನ ಮೇಲೆ ಹೇಳಿದ ಮಾತನ್ನ ವಾಪಸ್ ತಗೊಳ್ಳಿ ಅಂದ್ರೆ ತಗೊಳ್ತಿಲ್ಲ."

ಸತ್ಯ ಹೇಳಿದ್ದಕ್ಕೆ ಅವರನ್ನು ಹೊರಗೆ ಹಾಕುತ್ತಿದ್ದರು. ಆ ಸತ್ಯ ಗೊತ್ತಿದ್ದವಳು ನಾನೊಬ್ಬಳು, ಫೋನು ಕಿವಿಗೆ ಹಿಡಿದು, "ಹೌದಾ," ಎಂದೆ.

ಮರುದಿನ ಕೋಲಾರಕ್ಕೆ ಹೋಗಿ ಹಿರಿಯ ಅಯ್ಯನವರಿಗೆ ಎಲ್ಲ ಹೇಳಿಕೊಂಡೆ. ಅವರು ಕೂತ ಕುರ್ಚಿಯಲ್ಲೇ ಕುಗ್ಗಿಹೋದರು. "ಇದು ಹೊರಗೆ ಬಂದ್ರೆ ಮುಗೀತಮ್ಮ. ಮುಳಬಾಗಿಲಿನ ಬ್ರದರು ಮತ್ತೆ ನಮ್ಮ ಗೇಟು ತುಳಿಯಲ್ಲ. ಒಬ್ಬರಿಗೋಸ್ಕರ ನಾಲ್ಕು ಸಭೆ ಒಡೀಬೇಕಾ? ಅವರಿಗೆ ಬೇರೆ ಥರ ಸಹಾಯ ಮಾಡೋಣ. ನಾನೇ ಪಾಸ್ಟರಿಗೆ ಹೇಳಿ ಶಿಕ್ಷೆ ಬಿಡಿಸ್ತೀನಿ."

ಅವರ ಮಾತು ಕೇಳಿ ನನಗೆ ಹಗುರವಾಯಿತು. ಹಗುರವಾದದ್ದೇ ನನ್ನನ್ನು ಹೆದರಿಸಿತು. ಕ್ಷಮಿಸಿ ಬಿಡಿಸುವುದೆಂದರೆ ಅವರು ಸುಳ್ಳುಗಾರರಾಗಿಯೇ ಉಳಿದರು ಎಂದಲ್ಲವೇ? "ಅಯ್ಯನವರೇ, ನಾಲ್ಕು ಸಭೆ ಕೂಡಿ ಅವರೊಬ್ಬರನ್ನ ಮೆಟ್ಟಿ ನಿಂತಿದೀವಲ್ಲ," ಎಂದೆ. ಅವರು ಬಾಗಿಲವರೆಗೂ ಬಂದು ನನ್ನ ತಲೆ ಮೇಲೆ ಕೈಯಿಟ್ಟರು.

ಮೊದಲನೇ ಭಾನುವಾರ ಮಾಲೂರಿನ ಆರಾಧನೆಯನ್ನು ನಮ್ಮ ಹಿರಿಯರೊಬ್ಬರಿಗೆ ಒಪ್ಪಿಸಿ ನಸುಕಿನಲ್ಲೇ ಶ್ರೀನಿವಾಸಪುರದ ಕಡೆ ಹೊರಟೆ. ಮಂದಿರದ ಹಿಂದಿನ ಮನೆಯಲ್ಲಿ ಪಾಸ್ಟರಿಗೆ ಮೊದಲು ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಡೆಗೆ ಒರಗಿದರು.

"ಎಲ್ಲರ ಮುಂದೆ ಅವರನ್ನ ಸುಳ್ಳುಗಾರ ಅಂದೆ ಸಿಸ್ಟರ್. ಅವರ ಹೆಂಡತಿ ಮುಂದೆ ಅಂದೆ. ನೀವು ಮಾತು ಕೊಟ್ಟಿದ್ರಿ ಅನ್ನೋ ಒಂದೇ ಧೈರ್ಯದ ಮೇಲೆ ಅಂದೆ."

"ನಾನೇ ಎಲ್ಲರಿಗೂ ಹೇಳ್ತೀನಿ."

"ನಮ್ಮಲ್ಲಿ ಹೆಂಗಸರು ಮುಂದೆ ನಿಂತು..." ಎಂದವರು ಅಲ್ಲೇ ನಿಲ್ಲಿಸಿದರು. "ಹೇಳಿ. ನನ್ನ ಪಕ್ಕದಲ್ಲೇ ನಿಂತು ಹೇಳಿ."

ಸೆರಗು ತಲೆಗೆ ಹೊದ್ದು ನಿಂತೆ. ಮಂಡಿಯ ಆ ಮನುಷ್ಯ ಗಂಡಸರ ಚಾಪೆಯ ಕೊನೆಯಲ್ಲಿ, ಬಾಗಿಲ ಹತ್ತಿರ ಕೂತಿದ್ದರು. ತೀರ್ಪು ಕೇಳಿ ಎದ್ದುಹೋಗಲು ಅನುಕೂಲವಾಗಲಿ ಎಂದಿರಬೇಕು. ಮುಖ ಊದಿತ್ತು. ನಾನು ಸುತ್ತಿ ಬಳಸಿ ಹೇಳಲಿಲ್ಲ. "ಅವರು ಹೇಳಿದ್ದು ನಿಜ. ಜ್ಯೂಸ್ ಸಾಲಲಿಲ್ಲ, ನಾನು ವೈನ್ ಬೆರೆಸಿದೆ. ಅವರು ನನ್ನ ಮುಖ ನೋಡಿದಾಗಲೂ ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ. ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ." ಒಬ್ಬರೂ ಸ್ತೋತ್ರ ಎನ್ನಲಿಲ್ಲ. ಮಾತುಮಾತಿಗೆ ಸ್ತೋತ್ರ ಎನ್ನುವ ಸಭೆ ಅದು.

ಪಾಸ್ಟರು ಅವರ ಹತ್ತಿರ ಹೋಗಿ ಚಾಪೆಯ ಮೇಲೆ ಕೂತು ಎರಡು ಕೈ ಹಿಡಿದು ಕ್ಷಮೆ ಕೇಳಿದರು. ನಾನು ಹೆಂಗಸರ ಕಡೆ ಹೋಗಿ ಕೂತೆ. ಪಕ್ಕದಲ್ಲಿದ್ದವರು ಅವರ ಹೆಂಡತಿಯೇ ಎಂದು ಅವರು ಬಾಯಿ ತೆರೆದಾಗಲೇ ತಿಳಿದದ್ದು.

"ಹೆಸರು ತೊಳೆದ್ರಿ, ಸರಿ ಅಮ್ಮಾ," ಎಂದರು ಮೆಲ್ಲಗೆ, ತೆಲುಗಿನ ಎಳೆತದಲ್ಲಿ. "ಸಾಯಂಕಾಲ ಆದ್ರೆ ಇವರ ಕಾಲು ಆ ಅಂಗಡಿ ಕಡೆಗೇ ಎಳೆಯುತ್ತೆ. ಅದಕ್ಕೇನು ಮಾಡ್ತೀರಿ ಚೆಪ್ಪಂಡಿ?"

ಹೇಳಿ ಎಂದು ಕೇಳಿದರೆ ನಾನೇನು ಹೇಳಲಿ? ಅವರ ಕೈ ಹಿಡಿಯಲು ಹೋದೆ, ಅವರು ಬಿಡಿಸಿಕೊಂಡರು.

ಮೊದಲನೇ ಭಾನುವಾರವಾದ್ದರಿಂದ ರೊಟ್ಟಿ ಮುರಿಯುವುದಿತ್ತು. ಆ ಸಭೆಯಲ್ಲಿ ಒಂದೇ ಸ್ಟೀಲ್ ಲೋಟ ಕೈಯಿಂದ ಕೈಗೆ ಹೋಗುತ್ತದೆ. ನಮ್ಮ ಸಾಲಿಗೆ ಬಂದಾಗ ಅವರ ಹೆಂಡತಿ ಒಂದು ಗುಟುಕು ಕುಡಿದು, ನನ್ನ ಮುಂದೆ ಕೈ ಚಾಚಿ ಆಚೆಯವರಿಗೆ ಕೊಟ್ಟರು. ಅದು ನನ್ನ ಮೇಲಿನ ಸಿಟ್ಟಲ್ಲ, ನಿಯಮ. ಮುಳುಗಿದವಳಲ್ಲ ನಾನು. ಲೋಟ ದಾಟಿಹೋದಾಗ, ಇದೇ ಸರಿ ಅನ್ನಿಸಿತು.

ಲೋಟ ಗಂಡಸರ ಕಡೆ ಸುತ್ತಿ ಕೊನೆಗೆ ಅವರ ಕೈ ಸೇರಿತು. ಎಲ್ಲರ ಕಣ್ಣೂ ಅತ್ತ. ಅವರು ಮೂಗಿನ ಹತ್ತಿರ ಹಿಡಿದರು. ಬಾಯಿಗೆ ತಂದರು, ಇಳಿಸಿದರು. ಮತ್ತೆ ತಂದರು. ಆಗಲಿಲ್ಲ. ನಾನು ಹಾಳುಮಾಡಿದ್ದು ಅವರ ವ್ರತವನ್ನು ಮಾತ್ರ ಎಂದುಕೊಂಡಿದ್ದೆ. ಆ ಲೋಟವನ್ನೇ ಅವರ ಪಾಲಿಗೆ ಕೆಡಿಸಿಬಿಟ್ಟಿದ್ದೆ.

ಅವರು ಕತ್ತೆತ್ತಿ ನನ್ನನ್ನು ಹುಡುಕಿದರು, ಅವತ್ತಿನ ಹಾಗೆಯೇ. ನಡುವಿನ ದಾರಿಯ ಮೇಲಿಂದ ಲೋಟ ಚಾಚಿದರು.

"ಅಮ್ಮಾ, ನೀವೇ ನೋಡಿ ಹೇಳಿ."

ನಾನು ಪಾಸ್ಟರ ಕಡೆ ನೋಡಿದೆ. ಅವರ ನಿಯಮ ನನಗೆ ಗೊತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವರು, "ನೋಡಿ ಹೇಳಿ ಅಮ್ಮ," ಎಂದರು.

ಎದ್ದು ಹೋಗಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ. ಒಣದ್ರಾಕ್ಷಿ, ಸಕ್ಕರೆ, ತುಸು ಹೆಚ್ಚೇ ಕಾಸಿ ತಳ ಹಿಡಿದ ವಾಸನೆ.

"ಜ್ಯೂಸೇ," ಎಂದೆ. ಮುಂದಿನದು ಅವತ್ತು ಹೇಳಿದ್ದ ಮಾತೇ. ಆದರೂ ಹೇಳಿದೆ, "ಧೈರ್ಯವಾಗಿ ತಗೊಳ್ಳಿ."

ಅವರು ಲೋಟ ತೆಗೆದುಕೊಂಡರು. ನನ್ನ ಮುಖ ನೋಡಿದರು. ತಕ್ಷಣ ಕುಡಿಯಲಿಲ್ಲ, ಇನ್ನೊಂದು ಸಲ ತಾವೇ ಮೂಸಿ ನೋಡಿದರು. ಆಮೇಲೆ ಕುಡಿದರು.